ಕಾರ್ಖಾನೆಯ ಯಂತ್ರಗಳು, ಕೈಗಾಯ ಮತ್ತು ಪರಿಹಾರದ ಹಕ್ಕು

ಕಾರ್ಖಾನೆಯಲ್ಲಿ ಕೆಲಸ ಮಾಡುವಾಗ ಬೆರಳು, ಅಂಗೈ ಅಥವಾ ಮುಂಗೈಗೆ ಆಗುವ ಪೆಟ್ಟನ್ನು ಔದ್ಯೋಗಿಕ ಕೈಗಾಯ ಎಂದು ಕರೆಯಲಾಗುತ್ತದೆ. ತಗಡಿನ ಅಂಚು ತಾಗಿ ಆಗುವ ಕೊಯ್ತದಿಂದ ಹಿಡಿದು ಇಡೀ ಕೈ ತುಂಡಾಗುವವರೆಗೆ ಇದರ ವ್ಯಾಪ್ತಿಯಿದೆ. ಪವರ್ ಪ್ರೆಸ್, ಲೇತ್, ಡ್ರಿಲ್ಲಿಂಗ್ ಯಂತ್ರ, ವೃತ್ತಾಕಾರದ ಗರಗಸ, ರೋಲರ್, ಪ್ಲಾಸ್ಟಿಕ್ ಮೋಲ್ಡಿಂಗ್ ಯಂತ್ರ ಮತ್ತು ಕಾಗದ ಕತ್ತರಿಸುವ ಯಂತ್ರ ಇಂಥ ಗಾಯಗಳ ಮುಖ್ಯ ಮೂಲಗಳು. ಬೆಂಗಳೂರಿನ ಪೀಣ್ಯ ಮತ್ತು ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆಯಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಶೆಡ್‌ಗಳಲ್ಲಿ ಈ ಯಂತ್ರಗಳು ದಿನವಿಡೀ ಓಡುತ್ತವೆ.

ವಾಹನ ಬಿಡಿಭಾಗ ತಯಾರಿಕೆಯಲ್ಲಿ ಗಾಯಗೊಂಡ ಕಾರ್ಮಿಕರ ನಡುವೆ ಕೆಲಸ ಮಾಡುವ ಸೇಫ್ ಇನ್ ಇಂಡಿಯಾ ಫೌಂಡೇಶನ್ ಎಂಬ ಸಂಸ್ಥೆ 2019ರಿಂದ ‘ಕ್ರಶ್ಡ್’ ಹೆಸರಿನ ವರದಿಗಳನ್ನು ಹೊರತರುತ್ತಿದೆ. ಬೆರಳು ಜಜ್ಜಿಹೋಗುವ ಅಪಘಾತಗಳಲ್ಲಿ ಪವರ್ ಪ್ರೆಸ್‌ನ ಪಾಲು ಎಲ್ಲಕ್ಕಿಂತ ದೊಡ್ಡದು ಎಂಬುದು ಆ ವರದಿಗಳಲ್ಲಿ ಮತ್ತೆ ಮತ್ತೆ ಕಾಣುವ ಅಂಶ.

ಇಂಥ ಅಪಘಾತ ನಡೆದಾಗಲೆಲ್ಲ ‘ಆಪರೇಟರ್‌ನ ಅಜಾಗರೂಕತೆ’ ಎಂದು ಬರೆದು ಕೈತೊಳೆದುಕೊಳ್ಳುವುದು ರೂಢಿಯಾಗಿದೆ. ಯಂತ್ರದ ಕಾರ್ಯವಿಧಾನವನ್ನು ಸರಿಯಾಗಿ ತಿಳಿದರೆ ಆ ವಿವರಣೆ ನಿಲ್ಲುವುದಿಲ್ಲ. ಪರಿಹಾರದ ಕಾನೂನು ಕೂಡ ನೂರು ವರ್ಷಗಳಿಂದ ಆ ಮಾತನ್ನು ಒಪ್ಪಿಲ್ಲ.

ಕೈಯ ರಚನೆ

ಮನುಷ್ಯನ ಒಂದು ಕೈಯಲ್ಲಿ 27 ಮೂಳೆಗಳಿವೆ. ಮಣಿಕಟ್ಟಿನಲ್ಲಿ 8, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಹೆಬ್ಬೆರಳಿಗೆ ಎರಡು ಮೂಳೆ, ಉಳಿದ ನಾಲ್ಕು ಬೆರಳುಗಳಿಗೆ ಮೂರು ಮೂರು. ಬೆರಳುಗಳ ಒಳಗೆ ಅವನ್ನು ಮಡಿಸುವ ಸ್ನಾಯುಗಳಿಲ್ಲ. ಆ ಸ್ನಾಯುಗಳಲ್ಲಿ ದೊಡ್ಡವು ಮುಂಗೈಯಲ್ಲಿಯೂ ಚಿಕ್ಕವು ಅಂಗೈಯಲ್ಲಿಯೂ ಇವೆ. ಅಲ್ಲಿಂದ ಹೊರಟ ಸ್ನಾಯುರಜ್ಜುಗಳು, ಅಂದರೆ ಗಟ್ಟಿ ಹುರಿಯಂಥ ಎಳೆಗಳು, ಬೆರಳ ತುದಿಯವರೆಗೆ ಸಾಗಿ ಮೂಳೆಗೆ ಅಂಟಿಕೊಂಡಿವೆ. ಹೀಗಾಗಿ ಮಣಿಕಟ್ಟಿನ ಬಳಿ ಒಂದು ರಜ್ಜು ತುಂಡಾದರೆ ಬೆರಳು ಪೂರ್ತಿ ಉಳಿದಿದ್ದರೂ ಮಡಚಲು ಬರುವುದಿಲ್ಲ.

ಅಂಗೈಯ ಗೆರೆಯಿಂದ ಬೆರಳಿನ ನಡುಗೆಣ್ಣಿನವರೆಗೆ ಮಡಿಸುವ ರಜ್ಜುಗಳು ಬಿಗಿಯಾದ ಕೊಳವೆಯೊಳಗೆ ಒಂದರ ಮೇಲೊಂದು ಓಡಾಡುತ್ತವೆ. ಇಲ್ಲಿ ಗಾಯವಾಗಿ ಹೊಲಿಗೆ ಹಾಕಿದರೆ ರಜ್ಜು ಕೊಳವೆಯ ಗೋಡೆಗೆ ಅಂಟಿಕೊಂಡು ಬೆರಳು ಸೆಟೆದುಕೊಳ್ಳುವ ಅಪಾಯ ಹೆಚ್ಚು. ಶಸ್ತ್ರವೈದ್ಯರು ಬಹುಕಾಲ ಈ ಭಾಗವನ್ನು ಕೈಹಾಕಬಾರದ ವಲಯವೆಂದೇ ಎಣಿಸಿದ್ದರು.

ಐದು ಬೆರಳುಗಳ ಕೆಲಸ ಸಮನಲ್ಲ. ಹೆಬ್ಬೆರಳು ಉಳಿದ ನಾಲ್ಕಕ್ಕೂ ಎದುರಾಗಿ ನಿಲ್ಲಬಲ್ಲದು. ಹಿಡಿತವೆಂಬುದು ಸಾಧ್ಯವಾಗುವುದೇ ಅದರಿಂದ. ಕೈಯ ಒಟ್ಟು ಸಾಮರ್ಥ್ಯದಲ್ಲಿ ಹೆಬ್ಬೆರಳಿನ ಪಾಲು ಸುಮಾರು 40 ಶೇಕಡ ಎಂದು ವೈದ್ಯಶಾಸ್ತ್ರದಲ್ಲಿ ಸಾಮಾನ್ಯವಾಗಿ ಅಂದಾಜಿಸಲಾಗುತ್ತದೆ. ನಟ್ಟು ತಿರುಗಿಸಲು ತೋರುಬೆರಳು ಬೇಕು. ಸುತ್ತಿಗೆಯನ್ನು ಬಿಗಿಯಾಗಿ ಹಿಡಿಯಲು ಉಂಗುರಬೆರಳು ಮತ್ತು ಕಿರುಬೆರಳು ಬೇಕು. ಕಿರುಬೆರಳು ಹೋದರೆ ಹೆಚ್ಚೇನೂ ಹೋಗಲಿಲ್ಲ ಎನ್ನುವ ಮಾತಿನಲ್ಲಿ ಹುರುಳಿಲ್ಲ.

ಗಾಯದ ಬಗೆಗಳು

ಹರಿತವಾದ ಅಲಗು ಒಮ್ಮೆಲೇ ಕತ್ತರಿಸಿದಾಗ ಅಂಚು ನೇರವಾಗಿರುತ್ತದೆ. ರಕ್ತಸ್ರಾವ ಹೆಚ್ಚಾದರೂ ತುಂಡಾದ ಭಾಗವನ್ನು ಮರುಜೋಡಿಸುವ ಅವಕಾಶ ಚೆನ್ನಾಗಿರುತ್ತದೆ. ಜಜ್ಜುಗಾಯದಲ್ಲಿ ಮೂಳೆ ಪುಡಿಯಾಗುವುದರ ಜೊತೆಗೆ ರಕ್ತನಾಳ ಮತ್ತು ನರಗಳು ಉದ್ದಕ್ಕೂ ಹಾಳಾಗುತ್ತವೆ. ಜೋಡಿಸಲು ಆರೋಗ್ಯವಂತ ಅಂಚೇ ಉಳಿಯುವುದಿಲ್ಲ. ಪವರ್ ಪ್ರೆಸ್‌ನ ಗಾಯಗಳು ಬಹುಪಾಲು ಈ ಎರಡನೆಯ ಬಗೆಯವು. ಉಂಗುರ ಅಥವಾ ಕೈಗವಸು ಸಿಕ್ಕಿಕೊಂಡು ಎಳೆದಾಗ ಬೆರಳಿನ ಚರ್ಮವೇ ಕಳಚಿಬರುವುದು ಮತ್ತೊಂದು ಬಗೆ.

ಹೊರಗಿನಿಂದ ಅಲ್ಪವೆನಿಸಿ ಒಳಗೆ ಭೀಕರವಾಗಿರುವ ಗಾಯವೂ ಒಂದಿದೆ. ಹೈಡ್ರಾಲಿಕ್ ಕೊಳವೆಯ ಸಣ್ಣ ರಂಧ್ರದಿಂದ ಅತಿ ಒತ್ತಡದಲ್ಲಿ ಚಿಮ್ಮಿದ ಎಣ್ಣೆ ಬೆರಳ ತುದಿಯಲ್ಲಿ ಸೂಜಿ ಚುಚ್ಚಿದಷ್ಟೇ ಗುರುತು ಮಾಡಿ ಅಂಗೈಯವರೆಗೆ ಒಳಗೆ ಹರಡುತ್ತದೆ. ಮೊದಲಿಗೆ ನೋವು ಕಡಿಮೆ ಇರುವುದರಿಂದ ಹಲವರು ಬ್ಯಾಂಡೇಜು ಸುತ್ತಿಕೊಂಡು ಶಿಫ್ಟ್ ಮುಗಿಸುತ್ತಾರೆ. ತಕ್ಷಣ ಶಸ್ತ್ರಚಿಕಿತ್ಸೆಯಾಗದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾಗುತ್ತದೆ.

ಪವರ್ ಪ್ರೆಸ್ ಕೆಲಸ ಮಾಡುವ ಬಗೆ

ಪ್ರೆಸ್‌ನ ಒಂದು ಬದಿಯಲ್ಲಿ ಭಾರವಾದ ಗಾಲಿಯಿರುತ್ತದೆ. ಇದನ್ನು ಫ್ಲೈವೀಲ್ ಎನ್ನುತ್ತಾರೆ. ಮೋಟರು ಅದನ್ನು ಸದಾ ತಿರುಗಿಸುತ್ತಿರುತ್ತದೆ. ಆಪರೇಟರ್ ಕಾಲಿನಿಂದ ಪೆಡಲ್ ಒತ್ತಿದಾಗ ಕ್ಲಚ್ಚು ಆ ಗಾಲಿಯನ್ನು ಕ್ರ್ಯಾಂಕ್ ದಂಡಕ್ಕೆ ಜೋಡಿಸುತ್ತದೆ. ಕ್ರ್ಯಾಂಕ್ ಒಂದು ಸುತ್ತು ಸುತ್ತಿದಾಗ ರ್‍ಯಾಮ್ ಎಂಬ ಉಕ್ಕಿನ ದಿಮ್ಮಿ ಕೆಳಗಿಳಿದು ಮೇಲೇರುತ್ತದೆ. ರ್‍ಯಾಮ್‌ಗೆ ಬಿಗಿದಿರುವ ಪಂಚ್ ಕೆಳಗಿನ ಡೈ ಮೇಲಿರುವ ತಗಡನ್ನು ಕತ್ತರಿಸುತ್ತದೆ ಅಥವಾ ಬಾಗಿಸುತ್ತದೆ. ಸಣ್ಣ ಶೆಡ್‌ಗಳಲ್ಲಿ 10 ಟನ್‌ನಿಂದ 100 ಟನ್‌ವರೆಗಿನ ಒತ್ತಡದ ಪ್ರೆಸ್‌ಗಳು ಸಾಮಾನ್ಯ. ಪ್ರತಿ ಪೀಸಿಗೂ ಆಪರೇಟರ್ ತಗಡನ್ನು ಡೈ ಮೇಲೆ ಇಡಬೇಕು, ಪೆಡಲ್ ಒತ್ತಬೇಕು, ತಯಾರಾದ ಪೀಸನ್ನು ತೆಗೆಯಬೇಕು. ಅಂದರೆ ಒಂದೊಂದು ಪೀಸಿಗೆ ಎರಡೆರಡು ಸಲ ಕೈ ಅಪಾಯದ ಜಾಗಕ್ಕೆ ಹೋಗಿಬರುತ್ತದೆ. ಒಂದು ಶಿಫ್ಟಿನಲ್ಲಿ ಇದು ಸಾವಿರಾರು ಬಾರಿ ನಡೆಯುತ್ತದೆ.

ಅಪಾಯದ ತಿರುಳಿರುವುದು ಕ್ಲಚ್ಚಿನಲ್ಲಿ. ಹಳೆಯ ಮಾದರಿಯ ಅಗ್ಗದ ಪ್ರೆಸ್‌ಗಳಲ್ಲಿ ಕೀಲಿ ಕ್ಲಚ್ಚು ಇರುತ್ತದೆ. ಒಂದು ಉಕ್ಕಿನ ಕೀಲಿ ಹೊರಳಿ ಗಾಲಿಯ ಕಚ್ಚಿನಲ್ಲಿ ಕೂತರೆ ಕ್ರ್ಯಾಂಕ್ ಪೂರ್ಣ ಒಂದು ಸುತ್ತು ಮುಗಿಸಿಯೇ ಬಿಡುಗಡೆಯಾಗುತ್ತದೆ. ನಡುವೆ ಅದನ್ನು ನಿಲ್ಲಿಸುವ ಉಪಾಯವಿಲ್ಲ. ಪೆಡಲ್‌ನಿಂದ ಕಾಲು ತೆಗೆದರೂ, ವಿದ್ಯುತ್ ಕಡಿದರೂ, ಗಾಲಿಯಲ್ಲಿ ಶೇಖರವಾಗಿರುವ ಶಕ್ತಿಯೇ ರ್‍ಯಾಮನ್ನು ಕೆಳಗೆ ತರುತ್ತದೆ. ಕೀಲಿ ಸವೆದಿದ್ದರೆ ಅಥವಾ ಅದರ ಸ್ಪ್ರಿಂಗ್ ಮುರಿದಿದ್ದರೆ ಒಂದು ಸುತ್ತಿನ ನಂತರವೂ ಬಿಡುಗಡೆಯಾಗದೆ ರ್‍ಯಾಮ್ ತಾನಾಗಿ ಎರಡನೆಯ ಸಲ ಇಳಿಯುತ್ತದೆ. ಕಾರ್ಮಿಕರು ಇದನ್ನು ಡಬಲ್ ಸ್ಟ್ರೋಕ್ ಎನ್ನುತ್ತಾರೆ. ಮೊದಲ ಸ್ಟ್ರೋಕ್ ಮುಗಿಯಿತೆಂದು ಪೀಸು ತೆಗೆಯಲು ಹೋದ ಬೆರಳುಗಳು ಆಗ ಡೈ ಮೇಲಿರುತ್ತವೆ. ಕಾರ್ಮಿಕನ ಎಚ್ಚರ ಎಷ್ಟೇ ಇದ್ದರೂ ಇಲ್ಲಿ ಪ್ರಯೋಜನವಿಲ್ಲ, ಏಕೆಂದರೆ ಅವನು ಮಾಡಬೇಕಾದುದನ್ನೇ ಸರಿಯಾದ ಹೊತ್ತಿಗೆ ಮಾಡಿರುತ್ತಾನೆ.

ನಿಮಿಷಕ್ಕೆ 60 ಸ್ಟ್ರೋಕ್‌ನ ಪ್ರೆಸ್‌ನಲ್ಲಿ ಒಂದು ಸುತ್ತಿಗೆ 1 ಸೆಕೆಂಡ್ ಬೇಕು; ರ್‍ಯಾಮ್ ಕೆಳಗಿಳಿಯಲು ಅದರ ಅರ್ಧ. ಕಂಡದ್ದಕ್ಕೆ ಪ್ರತಿಕ್ರಿಯಿಸಲು ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕಾಗುತ್ತದೆ. ಉಳಿದ ಅವಧಿಯಲ್ಲಿ, ಅದೂ ರ್‍ಯಾಮ್ ಇಳಿಯತೊಡಗಿದ ಕ್ಷಣದಲ್ಲೇ ಅದು ಕಣ್ಣಿಗೆ ಬಿದ್ದರೆ ಮಾತ್ರ, ಕೈ ಹಿಂದಕ್ಕೆ ಬರಬಹುದು. ಪೀಸಿನ ಮೇಲೆ ಕಣ್ಣಿಟ್ಟವನಿಗೆ ರ್‍ಯಾಮ್ ಕಾಣುವುದಿಲ್ಲ. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ಟು, ಹನ್ನೆರಡು ಗಂಟೆಯ ಶಿಫ್ಟು, ತರಬೇತಿಯಿಲ್ಲದೆ ಪ್ರೆಸ್ ಮುಂದೆ ಕೂರಿಸಿದ ಹೆಲ್ಪರ್ ಇವೆಲ್ಲ ಸೇರಿದಾಗ ಅಪಘಾತ ಆಕಸ್ಮಿಕವಾಗಿ ಉಳಿಯುವುದಿಲ್ಲ, ಅದು ನಿರೀಕ್ಷಿತವಾಗುತ್ತದೆ.

ಸುತ್ತುವ ಮತ್ತು ಸೆಳೆಯುವ ಯಂತ್ರಗಳು

ಎದುರುಬದುರಾಗಿ ತಿರುಗುವ ಎರಡು ರೋಲರ್‌ಗಳ ನಡುವಿನ ಸಂದಿ, ಬೆಲ್ಟು ಪುಲ್ಲಿಯನ್ನು ಸೇರುವ ಜಾಗ, ಹಲ್ಲುಚಕ್ರಗಳು ಕಚ್ಚಿಕೊಳ್ಳುವ ಜಾಗ ಇವು ಕೈಯನ್ನು ಒಳಗೆ ಸೆಳೆಯುತ್ತವೆ. ಆಲೆಮನೆಯ ಗಾಣ ಮತ್ತು ಹಿಟ್ಟಿನ ಗಿರಣಿಯ ಬೆಲ್ಟು ಇದೇ ವರ್ಗಕ್ಕೆ ಸೇರಿದವು. ನಿಮಿಷಕ್ಕೆ 60 ಮೀಟರ್ ವೇಗದ ರೋಲರ್ 0.2 ಸೆಕೆಂಡಿನಲ್ಲಿ 20 ಸೆಂ.ಮೀ. ಎಳೆದುಕೊಳ್ಳುತ್ತದೆ. ವಯಸ್ಕನ ಕೈಯ ಉದ್ದ ಅದಕ್ಕಿಂತ ಕಡಿಮೆ. ಬೆರಳು ಸಿಕ್ಕಿತೆಂದು ಮೆದುಳಿಗೆ ತಿಳಿಯುವ ಹೊತ್ತಿಗೆ ಮಣಿಕಟ್ಟು ಒಳಗಿರುತ್ತದೆ.

ಡ್ರಿಲ್ ಮತ್ತು ಲೇತ್‌ಗಳಲ್ಲಿ ಕೈಗವಸು ರಕ್ಷಣೆಯಲ್ಲ, ಅಪಾಯ. ನಿಮಿಷಕ್ಕೆ 1000 ಸುತ್ತು ತಿರುಗುವ ಡ್ರಿಲ್‌ಗೆ ಬಟ್ಟೆಯ ಒಂದು ನೂಲು ಸಿಕ್ಕರೂ ಪ್ರತಿಕ್ರಿಯಿಸುವ ಮುನ್ನ ಅದು ಮೂರು ಸುತ್ತು ಸುತ್ತಿಕೊಂಡಿರುತ್ತದೆ. ಮಣಿಕಟ್ಟಿನ ದಾರ, ಕಡಗ, ಬಳೆ, ಉಂಗುರ ಮತ್ತು ಸಡಿಲ ತೋಳಿಗೂ ಇದೇ ಮಾತು ಅನ್ವಯಿಸುತ್ತದೆ. ಲೇತ್‌ನಲ್ಲಿ ಸುರುಳಿಯಾಗಿ ಬರುವ ಲೋಹದ ಚೂರುಗಳನ್ನು ಕೈಯಿಂದ ಎಳೆಯದೆ ಕೊಕ್ಕೆಯಿಂದ ತೆಗೆಯಬೇಕಾದುದೂ ಇದೇ ಕಾರಣಕ್ಕೆ.

ರಕ್ಷಣೆಯ ಸಾಧನಗಳು

ಕೈ ಡೈ ಬಳಿಗೆ ಹೋಗಲೇ ಆಗದಂತೆ ಮಾಡುವುದು ಎಲ್ಲಕ್ಕಿಂತ ಖಚಿತವಾದ ವಿಧಾನ. ತಗಡು ಜಾರಿಬರುವ ಜಾರುಕೊಳವೆ, ಡೈಗೆ ಬಿಗಿದ ಗಾರ್ಡು, ಪಂಚ್ ಮತ್ತು ಡೈ ನಡುವೆ 6 ಮಿ.ಮೀ. ಮೀರದ ಸಂದಿ ಇಂಥವು. ಬೆರಳು ತೂರದ ಸಂದಿಯಲ್ಲಿ ಬೆರಳು ತುಂಡಾಗುವುದಿಲ್ಲ. ಇದಕ್ಕೆ ತಗಲುವ ವೆಚ್ಚ ಹಲವು ಕಡೆ ಒಂದು ಡೈ ದುರಸ್ತಿಯ ವೆಚ್ಚಕ್ಕಿಂತ ಹೆಚ್ಚೇನೂ ಅಲ್ಲ. ಅದಾಗದಿದ್ದಲ್ಲಿ ಇಕ್ಕಳ ಅಥವಾ ಅಯಸ್ಕಾಂತದ ಕೋಲಿನಿಂದ ಪೀಸು ಇಟ್ಟು ತೆಗೆಯಬಹುದು.

ಎರಡು ಕೈಗಳಿಂದ ಎರಡು ಗುಂಡಿಗಳನ್ನು ಏಕಕಾಲಕ್ಕೆ ಒತ್ತಿದರಷ್ಟೇ ಯಂತ್ರ ಚಲಿಸುವಂತೆ ಮಾಡುವುದು ಮತ್ತೊಂದು ವಿಧಾನ. ಒಂದು ಗುಂಡಿಗೆ ಕಡ್ಡಿ ಸಿಕ್ಕಿಸಿ ಅಥವಾ ಟೇಪು ಸುತ್ತಿ ಒಂದೇ ಕೈಯಿಂದ ಓಡಿಸುವ ದೃಶ್ಯ ಅಪರೂಪವಲ್ಲ. ಹಾಗೆ ಮಾಡುವುದು ಯಾವಾಗಲೂ ಆಪರೇಟರ್ ತಾನಾಗಿ ತೆಗೆದುಕೊಂಡ ನಿರ್ಧಾರವಲ್ಲ. ಹಾಗೆ ಮಾಡಿದರೆ ಪೀಸು ಬೇಗ ಬರುತ್ತದೆಂದು ಸೂಪರ್‌ವೈಸರ್ ಹೇಳಿರುವುದೂ ಉಂಟು.

ಡೈ ಮುಂದೆ ಕಾಣದ ಬೆಳಕಿನ ಕಿರಣಗಳ ಪರದೆಯನ್ನು ಹಾಸಿ, ಕೈ ಅದನ್ನು ದಾಟಿದೊಡನೆ ಪ್ರೆಸ್ ನಿಲ್ಲುವಂತೆ ಮಾಡುವ ಸಾಧನಕ್ಕೆ ಲೈಟ್ ಕರ್ಟನ್ ಎನ್ನುತ್ತಾರೆ. ಇದನ್ನು ಎಲ್ಲೆಂದರಲ್ಲಿ ಅಳವಡಿಸುವಂತಿಲ್ಲ. ಪರದೆಗೂ ಡೈಗೂ ನಡುವಿನ ಕನಿಷ್ಠ ಅಂತರವನ್ನು ಐಎಸ್‌ಒ 13855 ಮಾನದಂಡದ ಸೂತ್ರದಿಂದ ಕಂಡುಹಿಡಿಯುತ್ತಾರೆ. ಕೈಯ ವೇಗವನ್ನು ಯಂತ್ರ ನಿಲ್ಲಲು ಬೇಕಾದ ಒಟ್ಟು ಸಮಯದಿಂದ ಗುಣಿಸುವುದು ಅದರ ಮೂಲ. ಹತ್ತಿರದ ಅಂತರದಲ್ಲಿ ಕೈಯ ವೇಗವನ್ನು ಸೆಕೆಂಡಿಗೆ 2000 ಮಿ.ಮೀ. ಎಂದು ಎಣಿಸಲಾಗುತ್ತದೆ. ನಿಲ್ಲಲು 0.2 ಸೆಕೆಂಡ್ ಬೇಕಾದರೆ ಪರದೆ ಕನಿಷ್ಠ 400 ಮಿ.ಮೀ. ದೂರವಿರಬೇಕು. ಕೀಲಿ ಕ್ಲಚ್ಚಿನ ಪ್ರೆಸ್‌ಗೆ ಲೈಟ್ ಕರ್ಟನ್ ಹಾಕಿ ಸುರಕ್ಷಿತವೆಂದು ನಂಬುವುದು ಅತ್ಯಂತ ಅಪಾಯಕಾರಿ ತಪ್ಪು. ನಡುವೆ ನಿಲ್ಲಲಾರದ ಯಂತ್ರಕ್ಕೆ ನಿಲ್ಲು ಎಂಬ ಸಂಕೇತ ಕೊಟ್ಟು ಫಲವಿಲ್ಲ. ಗಾಳಿಯ ಒತ್ತಡದಿಂದ ನಡೆಯುವ ಘರ್ಷಣ ಕ್ಲಚ್ಚು ಮತ್ತು ಬ್ರೇಕು ಇರುವ ಪ್ರೆಸ್‌ಗಳಲ್ಲಿ ಮಾತ್ರ ಇದು ಕೆಲಸ ಮಾಡುತ್ತದೆ.

ಭಾರತದ ಮೊದಲ ಕಾರ್ಖಾನೆ ಕಾಯ್ದೆ 1881ರಲ್ಲಿ ಬಂದಾಗಲೇ ಅಪಾಯಕಾರಿ ಯಂತ್ರಗಳಿಗೆ ಬೇಲಿ ಹಾಕಬೇಕೆಂಬ ನಿಯಮವಿತ್ತು. 1948ರ ಕಾರ್ಖಾನೆಗಳ ಕಾಯ್ದೆಯ 21ನೇ ಕಲಮು ಆ ಹೊಣೆಯನ್ನು ವಿವರವಾಗಿ ಹೇಳಿತು. 26ನೇ ಕಲಮು ಹೊಸ ಯಂತ್ರಗಳ ಕೆಲವು ಚಲಿಸುವ ಭಾಗಗಳಿಗೆ ಕವಚವಿಲ್ಲದೆ ಮಾರುವವರಿಗೂ ಶಿಕ್ಷೆ ವಿಧಿಸಿತು. ಆದರೆ ಅದರ ದಂಡ 500 ರೂಪಾಯಿ ಮೀರುತ್ತಿರಲಿಲ್ಲ. ಗಂಭೀರ ಗಾಯವಾದರೆ ಮಾಲೀಕರಿಗೆ ಹೆಚ್ಚಿನ ದಂಡವೆಂದು 92ನೇ ಕಲಮು ಹೇಳಿದರೂ ಬೆರಳಿನ ಒಂದೇ ಒಂದು ಮೂಳೆ ಮುರಿದರೆ ಅದನ್ನು ಗಂಭೀರ ಗಾಯದ ವ್ಯಾಖ್ಯೆಯಿಂದ ಹೊರಗಿಟ್ಟಿತು.

ಅಪಘಾತದ ಮೊದಲ ಗಂಟೆ

ಮೊದಲು ಯಂತ್ರವನ್ನು ನಿಲ್ಲಿಸಬೇಕು. ಸಿಕ್ಕಿಕೊಂಡ ಕೈಯನ್ನು ಬಲವಾಗಿ ಎಳೆಯಬಾರದು, ಯಂತ್ರವನ್ನು ತೋಚಿದಂತೆ ಹಿಂದಕ್ಕೆ ತಿರುಗಿಸಲೂಬಾರದು. ಗಾಯದ ಮೇಲೆ ಸ್ವಚ್ಛ ಬಟ್ಟೆಯನ್ನು ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲೆ ಎತ್ತಬೇಕು. ಅರಿಸಿನ, ಕಾಫಿಪುಡಿ, ಗ್ರೀಸ್ ಯಾವುದನ್ನೂ ಮೆತ್ತಬಾರದು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಗಾಯಾಳುವಿಗೆ ತಿನ್ನಲು, ಕುಡಿಯಲು ಕೊಡಬಾರದು.

ತುಂಡಾದ ಬೆರಳನ್ನು ಎಸೆಯಬಾರದು. ಅದನ್ನು ಮೆಲ್ಲಗೆ ತೊಳೆದು, ಸಲೈನ್ ಅಥವಾ ಶುದ್ಧ ನೀರಿನಲ್ಲಿ ತೇವಗೊಳಿಸಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ, ನೀರು ನುಗ್ಗದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿಯಾಗಿ ಕಟ್ಟಬೇಕು. ಆ ಚೀಲವನ್ನು ನೀರು ಬೆರೆಸಿದ ಮಂಜುಗಡ್ಡೆಯ ಮತ್ತೊಂದು ಚೀಲದಲ್ಲಿ ಇಡಬೇಕು. ಮಂಜುಗಡ್ಡೆ ನೇರವಾಗಿ ತಾಗಿದರೆ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ. ಹೀಗೆ ತಂಪಾಗಿಟ್ಟ ಬೆರಳನ್ನು 12 ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತಿನ ನಂತರವೂ ಜೋಡಿಸಲು ಸಾಧ್ಯ. ಸ್ನಾಯುಗಳಿರುವ ಮುಂಗೈಯಂಥ ಭಾಗಕ್ಕೆ ಅಷ್ಟು ಕಾಲಾವಕಾಶವಿಲ್ಲ.

ಜಪಾನಿನಲ್ಲಿ 1965ರಲ್ಲಿ ಕೊಮಾತ್ಸು ಮತ್ತು ತಮಾಯಿ ಎಂಬ ವೈದ್ಯರು ಪೂರ್ಣ ತುಂಡಾದ ಹೆಬ್ಬೆರಳನ್ನು ಸೂಕ್ಷ್ಮದರ್ಶಕದ ನೆರವಿನಿಂದ ಮರಳಿ ಜೋಡಿಸಿದರು. ಸುಮಾರು 1 ಮಿ.ಮೀ. ವ್ಯಾಸದ ರಕ್ತನಾಳವನ್ನು ಕೂದಲಿಗಿಂತ ಸಣ್ಣ ದಾರದಿಂದ ಹೊಲಿಯುವ ಈ ವಿದ್ಯೆ ಈಗ ಭಾರತದ ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿ ಲಭ್ಯವಿದೆ. ಹೆಬ್ಬೆರಳು ಉಳಿಸಲಾಗದಿದ್ದರೆ ಕಾಲಿನ ಬೆರಳನ್ನು ತೆಗೆದು ಅದರ ಜಾಗದಲ್ಲಿ ನೆಡುವ ಚಿಕಿತ್ಸೆಯೂ ಇದೆ.

ಪರಿಹಾರದ ತತ್ವ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಗಾಯಗೊಂಡ ಕಾರ್ಮಿಕ ಪರಿಹಾರ ಪಡೆಯಬೇಕಾದರೆ ಮಾಲೀಕನ ತಪ್ಪನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕಿತ್ತು. ಜೊತೆಗಾರನ ತಪ್ಪಿನಿಂದ ಗಾಯವಾಯಿತೆಂದು ತೋರಿಸಿದರೆ ಮಾಲೀಕ ಪಾರಾಗುತ್ತಿದ್ದ. ಜರ್ಮನಿ 1884ರಲ್ಲಿ ಅಪಘಾತ ವಿಮೆಯನ್ನೂ ಬ್ರಿಟನ್ 1897ರಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆಯನ್ನೂ ತಂದು ಈ ತರ್ಕವನ್ನು ಬದಲಿಸಿದವು. ಉತ್ಪಾದನೆಯ ಲಾಭ ಯಾರಿಗೆ ಸೇರುತ್ತದೋ ಅದರ ಅಪಾಯದ ವೆಚ್ಚವನ್ನೂ ಅವರೇ ಹೊರಬೇಕು ಎಂಬುದು ಹೊಸ ತತ್ವ. ತಪ್ಪು ಯಾರದೆಂಬ ಪ್ರಶ್ನೆ ಪರಿಹಾರದ ದಾರಿಗೆ ಅಡ್ಡ ಬರುವುದಿಲ್ಲ.

ಭಾರತದಲ್ಲಿ 1923ರ ಕಾರ್ಮಿಕರ ಪರಿಹಾರ ಕಾಯ್ದೆ 1924ರ ಜುಲೈ 1ರಂದು ಜಾರಿಗೆ ಬಂತು. 2009ರ ತಿದ್ದುಪಡಿಯ ನಂತರ ಅದರ ಹೆಸರು ನೌಕರರ ಪರಿಹಾರ ಕಾಯ್ದೆ ಎಂದಾಯಿತು. ಕೆಲಸದ ಕಾರಣದಿಂದ ಮತ್ತು ಕೆಲಸದ ಅವಧಿಯಲ್ಲಿ ಅಪಘಾತವಾಗಿ ಗಾಯವಾದರೆ ಮಾಲೀಕ ಹೊಣೆ. ಮೂರು ದಿನ ಮೀರದ ಅಸಮರ್ಥತೆಗೆ ಪರಿಹಾರವಿಲ್ಲ. ಕುಡಿದಿದ್ದರೆ, ಸುರಕ್ಷತೆಯ ಸ್ಪಷ್ಟ ಆದೇಶವನ್ನು ಬೇಕೆಂದೇ ಮೀರಿದ್ದರೆ, ಗಾರ್ಡನ್ನು ಬೇಕೆಂದೇ ತೆಗೆದಿದ್ದರೆ ಮಾಲೀಕ ಹೊಣೆಯಿಂದ ತಪ್ಪಿಸಿಕೊಳ್ಳಬಹುದು. ಆದರೆ ಸಾವು ಅಥವಾ ಶಾಶ್ವತ ಸಂಪೂರ್ಣ ಅಸಮರ್ಥತೆ ಉಂಟಾದಾಗ ಆ ವಾದಗಳೂ ನಡೆಯುವುದಿಲ್ಲ. ಇಲ್ಲಿ ‘ಬೇಕೆಂದೇ’ ಎಂಬ ಷರತ್ತು ಮುಖ್ಯ. ಆಯಾಸ, ಮರೆವು, ಕ್ಷಣದ ಗಮನಚ್ಯುತಿ ಇವು ಯಾವುವೂ ಪರಿಹಾರವನ್ನು ಕಸಿಯುವುದಿಲ್ಲ. ಕಾಂಟ್ರ್ಯಾಕ್ಟರ್ ಮೂಲಕ ಬಂದ ಕಾರ್ಮಿಕನಿಗೂ ಮುಖ್ಯ ಮಾಲೀಕನೇ ಉತ್ತರದಾಯಿ. ಹಕ್ಕು ಬಿಟ್ಟುಕೊಟ್ಟೆನೆಂದು ಖಾಲಿ ಕಾಗದಕ್ಕೆ ಹಾಕಿಸಿಕೊಂಡ ಸಹಿಗೆ ಕಾನೂನಿನಲ್ಲಿ ಬೆಲೆಯಿಲ್ಲ.

ಬೆರಳುಗಳ ಲೆಕ್ಕ

ಯಾವ ಅಂಗ ಹೋದರೆ ಗಳಿಕೆಯ ಸಾಮರ್ಥ್ಯ ಎಷ್ಟು ಶೇಕಡ ಕಡಿಮೆಯಾಯಿತೆಂದು ಎಣಿಸಬೇಕೆಂಬುದನ್ನು ನೌಕರರ ಪರಿಹಾರ ಕಾಯ್ದೆಯ ಮೊದಲ ಅನುಸೂಚಿ ನಿಗದಿಪಡಿಸಿತ್ತು. ಎರಡೂ ಕೈ ಹೋದರೆ 100. ಒಂದು ಕೈ ಹೋದರೆ 60. ಒಂದು ಕೈಯ ನಾಲ್ಕು ಬೆರಳು ಹೋದರೆ 50, ಮೂರು ಹೋದರೆ 30, ಎರಡು ಹೋದರೆ 20. ಹೆಬ್ಬೆರಳಿಗೆ 30, ಅದರ ತುದಿಯ ಗೆಣ್ಣಿಗೆ 20. ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರಬೆರಳು ಅಥವಾ ಕಿರುಬೆರಳಿಗೆ 7. ಮೂಳೆಗೆ ಏನೂ ಆಗದೆ ತೋರುಬೆರಳಿನ ತುದಿ ಮಾತ್ರ ಕತ್ತರಿಸಿಹೋದರೆ 5. ಅಂಗ ಉಳಿದಿದ್ದು ಅದರ ಉಪಯೋಗ ಪೂರ್ತಿಯಾಗಿ, ಶಾಶ್ವತವಾಗಿ ನಿಂತುಹೋಗಿದ್ದರೆ ಅಂಗವೇ ಹೋದಂತೆ ಎಣಿಸಬೇಕು. ಸೆಟೆದು ನಿಂತ ಬೆರಳಿನ ವಿಷಯದಲ್ಲಿ ಈ ಮಾತು ಹಲವರಿಗೆ ನೆರವಾಗುತ್ತದೆ. ಪಟ್ಟಿಯಲ್ಲಿಲ್ಲದ ಗಾಯಕ್ಕೆ ಅರ್ಹ ವೈದ್ಯರು ಶೇಕಡಾವಾರು ನಿರ್ಧರಿಸುತ್ತಾರೆ.

ಪರಿಹಾರದ ಮೊತ್ತಕ್ಕೆ ಮೂರು ಅಂಕಿ ಬೇಕು: ಮಾಸಿಕ ವೇತನ, ವಯಸ್ಸಿಗೆ ತಕ್ಕ ಗುಣಕ ಮತ್ತು ಈ ಶೇಕಡ. ಸಂಪೂರ್ಣ ಅಸಮರ್ಥತೆಗೆ ವೇತನದ 60 ಶೇಕಡವನ್ನು ಗುಣಕದಿಂದ ಗುಣಿಸಬೇಕು. 2020ರ ಜನವರಿಯಿಂದ ಈ ಲೆಕ್ಕಕ್ಕೆ ಪರಿಗಣಿಸುವ ವೇತನದ ಮಿತಿ 15,000 ರೂಪಾಯಿ. ಸಂಬಳ 18,000 ಇದ್ದರೂ 15,000ವನ್ನೇ ಹಿಡಿಯಲಾಗುತ್ತದೆ. ಗುಣಕ 20ನೇ ವಯಸ್ಸಿಗೆ 224.00, 30ಕ್ಕೆ 207.98, 40ಕ್ಕೆ 184.17, 50ಕ್ಕೆ 153.09. ತಿಂಗಳಿಗೆ 18,000 ರೂಪಾಯಿ ಪಡೆಯುವ, ಮುಂದೆ ಹೇಳುವ ಇಎಸ್‌ಐ ವಿಮೆಯ ವ್ಯಾಪ್ತಿಯಲ್ಲಿಲ್ಲದ 30 ವರ್ಷದ ಪ್ರೆಸ್ ಆಪರೇಟರ್ ಹೆಬ್ಬೆರಳು ಕಳೆದುಕೊಂಡರೆ 9,000ವನ್ನು 207.98ರಿಂದ ಗುಣಿಸಿ ಬಂದ 18,71,820 ರೂಪಾಯಿಯಲ್ಲಿ 30 ಶೇಕಡ, ಅಂದರೆ 5,61,546 ರೂಪಾಯಿ ಸಲ್ಲಬೇಕು. ಅವನು ಇಡೀ ಕೈ ಕಳೆದುಕೊಂಡಿದ್ದರೆ ಮೊತ್ತ 11,23,092. ತೋರುಬೆರಳಾದರೆ ಸುಮಾರು 2,62,055. ‘ಐವತ್ತು ಸಾವಿರ ತಗೋ, ಊರಿಗೆ ಹೋಗು’ ಎಂದು ರಾಜಿಗೆ ಕೂರಿಸುವ ಮಾತುಗಳನ್ನು ಈ ಅಂಕಿಗಳ ಪಕ್ಕದಲ್ಲಿ ಇಟ್ಟು ನೋಡಬೇಕು.

ಅನುಸೂಚಿ ಬಲಗೈ, ಎಡಗೈ ಎಂಬ ಭೇದ ಮಾಡುವುದಿಲ್ಲ. ಗುಮಾಸ್ತನ ಬೆರಳಿಗೂ ಫಿಟ್ಟರ್‌ನ ಬೆರಳಿಗೂ ಒಂದೇ ಅಂಕಿ. ನ್ಯಾಯಾಲಯಗಳು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿವೆ. ಎಡಗೈಯನ್ನು ಮೊಣಕೈಗಿಂತ ಮೇಲೆ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣದಲ್ಲಿ 1970ರ ದಶಕದಲ್ಲಿ ಸುಪ್ರೀಂ ಕೋರ್ಟ್, ಬಡಗಿ ಕೆಲಸ ಒಂದೇ ಕೈಯಿಂದ ಆಗುವುದಲ್ಲವಾದ್ದರಿಂದ ಅವನ ಅಸಮರ್ಥತೆ ಸಂಪೂರ್ಣವಾದುದೆಂದು ಒಪ್ಪಿತು. ಪರಿಹಾರ ಸಲ್ಲಬೇಕಾದುದು ಅಪಘಾತದ ದಿನದಿಂದಲೇ ಹೊರತು ತೀರ್ಪಿನ ದಿನದಿಂದಲ್ಲ ಎಂದೂ ಅದೇ ತೀರ್ಪು ಹೇಳಿತು. ಒಂದು ತಿಂಗಳೊಳಗೆ ಪಾವತಿಸದಿದ್ದರೆ ವರ್ಷಕ್ಕೆ 12 ಶೇಕಡ ಬಡ್ಡಿ ಸೇರುತ್ತದೆ. ಸಕಾರಣವಿಲ್ಲದ ವಿಳಂಬಕ್ಕೆ ಮೊತ್ತದ ಅರ್ಧದವರೆಗೆ ದಂಡವನ್ನೂ ವಿಧಿಸಬಹುದು. ಚಿಕಿತ್ಸೆಯ ನಿಜವಾದ ಖರ್ಚು ಇದಕ್ಕೆ ಹೊರತಾದುದು. ಅದನ್ನೂ ಮಾಲೀಕನೇ ಭರಿಸಬೇಕು. ಹಕ್ಕುಕೋರಿಕೆ ಸಲ್ಲಿಸಲು ಎರಡು ವರ್ಷಗಳ ಅವಧಿಯಿದೆ.

ಇಎಸ್‌ಐ ವ್ಯವಸ್ಥೆ

ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ, 1948ರ ಕಾಯ್ದೆಯಿಂದ ರೂಪುಗೊಂಡು 1952ರ ಫೆಬ್ರುವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾಯಿತು. 10 ಅಥವಾ ಹೆಚ್ಚು ಜನರಿರುವ ಕಾರ್ಖಾನೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರು ಇದರ ವ್ಯಾಪ್ತಿಗೆ ಬರುತ್ತಾರೆ. 2019ರ ಜುಲೈನಿಂದ ನೌಕರನ ವಂತಿಗೆ ವೇತನದ 0.75 ಶೇಕಡ, ಮಾಲೀಕನದು 3.25 ಶೇಕಡ. ಇಎಸ್‌ಐ ವ್ಯಾಪ್ತಿಯಲ್ಲಿರುವ ಗಾಯಾಳು ಅದೇ ಗಾಯಕ್ಕೆ ಮಾಲೀಕನಿಂದ ಮತ್ತೆ ಪರಿಹಾರ ಕೇಳುವಂತಿಲ್ಲ. ಎರಡರಲ್ಲಿ ಒಂದು ದಾರಿ ಮಾತ್ರ.

ಕೆಲಸಕ್ಕೆ ಹೋಗಲಾಗದಷ್ಟು ದಿನ ಸರಾಸರಿ ದಿನಗೂಲಿಯ 90 ಶೇಕಡ ಸಿಗುತ್ತದೆ. ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ಷರತ್ತು ಕೆಲಸದ ಗಾಯಕ್ಕೆ ಇಲ್ಲ. ಸೇರಿದ ಮೊದಲ ದಿನವೇ ಬೆರಳು ಹೋದರೂ ಹಕ್ಕು ಪೂರ್ಣ. ಶಾಶ್ವತ ಹಾನಿಯಾದರೆ ವೈದ್ಯಕೀಯ ಮಂಡಳಿ ಶೇಕಡಾವಾರು ನಿಗದಿಪಡಿಸುತ್ತದೆ, ಅದರಂತೆ ಆಜೀವ ಪಿಂಚಣಿ ಸಿಗುತ್ತದೆ. ದಿನಗೂಲಿ 600 ರೂಪಾಯಿ ಇದ್ದು ಹೆಬ್ಬೆರಳು ಹೋದರೆ 540ರ 30 ಶೇಕಡ, ಅಂದರೆ ದಿನಕ್ಕೆ 162 ರೂಪಾಯಿ ಬದುಕಿರುವವರೆಗೂ ಬರುತ್ತದೆ. ಒಮ್ಮೆಗೇ ಬರುವ ದೊಡ್ಡ ಮೊತ್ತ ಸಾಲ, ಮದುವೆ, ಮನೆಗಳಲ್ಲಿ ಕರಗುವುದನ್ನು ಕಂಡವರಿಗೆ ಈ ಸಣ್ಣ ಪಿಂಚಣಿಯ ಬೆಲೆ ಗೊತ್ತು. ಬೆಂಗಳೂರಿನ ರಾಜಾಜಿನಗರ, ಇಂದಿರಾನಗರ ಮತ್ತು ಪೀಣ್ಯದಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ.

ದಾಖಲೆಗಳ ಮಹತ್ವ

ಹಕ್ಕು ಕೈತಪ್ಪುವುದು ಹೆಚ್ಚಾಗಿ ಅಪಘಾತದ ದಿನವೇ. ಗಾಯಾಳುವನ್ನು ಇಎಸ್‌ಐ ಆಸ್ಪತ್ರೆಗೆ ಒಯ್ಯದೆ ಸಮೀಪದ ಖಾಸಗಿ ನರ್ಸಿಂಗ್ ಹೋಮ್‌ಗೆ ಸೇರಿಸಿ ‘ಮನೆಯಲ್ಲಿ ಬಾಗಿಲಿಗೆ ಸಿಕ್ಕಿತು’ ಎಂದು ಬರೆಸುವುದು, ಅಪಘಾತವಾದ ಮೇಲೆ ತರಾತುರಿಯಲ್ಲಿ ಇಎಸ್‌ಐ ಸಂಖ್ಯೆ ಮಾಡಿಸುವುದು, ಹಾಜರಿ ಪುಸ್ತಕದಿಂದ ಹೆಸರು ಅಳಿಸುವುದು ಇವು ಕಾರ್ಮಿಕರಿಂದ ಪದೇ ಪದೇ ಕೇಳಿಬರುವ ದೂರುಗಳು. ಆಸ್ಪತ್ರೆಯ ಮೊದಲ ಚೀಟಿಯಲ್ಲಿ ಯಂತ್ರದ ಹೆಸರು, ಸ್ಥಳ ಮತ್ತು ವೇಳೆ ದಾಖಲಾಗುವಂತೆ ಜೊತೆಯಲ್ಲಿ ಹೋದವರು ನೋಡಿಕೊಳ್ಳಬೇಕು. ಮುಂದೆ ಯಾವ ವಕೀಲರ ವಾದಕ್ಕಿಂತಲೂ ಆ ಒಂದು ಸಾಲು ಹೆಚ್ಚು ಕೆಲಸ ಮಾಡುತ್ತದೆ.

ಇಎಸ್‌ಐ ನಿಯಮದಂತೆ ಮಾಲೀಕ ಅಪಘಾತದ ವರದಿಯನ್ನು ನಮೂನೆ 12ರಲ್ಲಿ 24 ಗಂಟೆಯೊಳಗೆ ಕೊಡಬೇಕು. ಶಾಶ್ವತ ಹಾನಿಯ ಸಂಭವವಿದ್ದರೆ ತಕ್ಷಣವೇ ಕೊಡಬೇಕು. ಕಾರ್ಮಿಕನಿಗೆ 48 ಗಂಟೆ ಅಥವಾ ಹೆಚ್ಚು ಕಾಲ ಕೆಲಸ ಮಾಡಲಾಗದಿದ್ದರೆ ಕಾರ್ಖಾನೆ ಪರಿವೀಕ್ಷಕರಿಗೂ ತಿಳಿಸಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆ ವಿಧಿಸಿತ್ತು. ಕರ್ನಾಟಕದಲ್ಲಿ ಈ ಪರಿವೀಕ್ಷಣೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಹೊಣೆ. ಮಾಲೀಕ ವಂತಿಗೆಯನ್ನೇ ಕಟ್ಟಿರದಿದ್ದರೂ ಇಎಸ್‌ಐ ನಿಗಮ ಗಾಯಾಳುವಿಗೆ ಸೌಲಭ್ಯ ನೀಡಿ ಅದನ್ನು ಮಾಲೀಕನಿಂದ ವಸೂಲಿ ಮಾಡಬಹುದು. ವೇತನ ಚೀಟಿ, ಬ್ಯಾಂಕ್ ಖಾತೆಯ ವಿವರ, ಗೇಟ್ ಪಾಸು, ಶಿಫ್ಟಿನ ಬಗ್ಗೆ ಮೊಬೈಲಿಗೆ ಬಂದ ಸಂದೇಶ ಇವೆಲ್ಲ ಅಲ್ಲಿ ಕೆಲಸ ಮಾಡುತ್ತಿದ್ದುದಕ್ಕೆ ಸಾಕ್ಷಿಯಾಗಬಲ್ಲವು.

ಕಾರ್ಮಿಕ ಸಂಹಿತೆಗಳು

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ನೌಕರರ ಪರಿಹಾರ ಮತ್ತು ಇಎಸ್‌ಐ ಕಾಯ್ದೆಗಳ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಕಾರ್ಖಾನೆಗಳ ಕಾಯ್ದೆಯ ಜಾಗಕ್ಕೆ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೂ ಬಂದಿವೆ. ಮಾಲೀಕನ ಹೊಣೆ, ಶೇಕಡಾವಾರು ಪಟ್ಟಿ ಮತ್ತು ಗುಣಕದ ತತ್ವ ಹೊಸ ಸಂಹಿತೆಯಲ್ಲೂ ಮುಂದುವರಿದಿವೆ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ, ಕೆಲಸದೊಂದಿಗೆ ಸಂಬಂಧವಿದ್ದು ನಡೆದ ಅಪಘಾತವೂ ಈಗ ಪರಿಹಾರದ ವ್ಯಾಪ್ತಿಯಲ್ಲಿದೆ. ವಿದ್ಯುತ್ ಬಳಸುವ ಘಟಕವನ್ನು ಕಾರ್ಖಾನೆ ಎನ್ನಲು ಮೊದಲು 10 ಜನ ಸಾಕಿತ್ತು, ಈಗ 20 ಜನ ಬೇಕು. ಪ್ರೆಸ್ ಶೆಡ್‌ಗಳಲ್ಲಿ ಬಹಳಷ್ಟು ಈ ಎರಡು ಅಂಕಿಗಳ ನಡುವೆಯೇ ಇರುವುದರಿಂದ ಇದು ಕಳವಳಕ್ಕೆ ಕಾರಣವಾದ ಬದಲಾವಣೆ.

ಕೆಲಸಕ್ಕೆ ಮರಳುವುದು

ಗಾಯ ಮಾಗಿದ ಮೇಲೆ ಕೈಗೆ ವ್ಯಾಯಾಮ ಬೇಕು. ರಜ್ಜು ಹೊಲಿದ ಬೆರಳನ್ನು ವೈದ್ಯರು ಹೇಳಿದ ದಿನದಿಂದ ಹೇಳಿದಷ್ಟೇ ಅಲುಗಾಡಿಸಬೇಕು. ತಡವಾದರೆ ಅಂಟಿಕೊಳ್ಳುತ್ತದೆ, ಅವಸರ ಮಾಡಿದರೆ ಹರಿಯುತ್ತದೆ. ತುಂಡಾದ ಬೆರಳ ತುದಿಯಲ್ಲಿ ಉಳಿದ ನರಗಳು ಗಂಟುಗಟ್ಟಿ ಚಳಿಗೆ, ಸ್ಪರ್ಶಕ್ಕೆ ತೀವ್ರವಾಗಿ ನೋಯುವುದುಂಟು. ಇಲ್ಲದ ಬೆರಳು ಇದ್ದಂತೆಯೇ ಅನಿಸಿ ನೋಯುವುದೂ ಭ್ರಮೆಯಲ್ಲ, ಚಿಕಿತ್ಸೆಯಿರುವ ತೊಂದರೆ. ಪ್ರೆಸ್ ಸದ್ದು ಕೇಳಿದರೇ ಬೆವರುವ ಕಾರ್ಮಿಕರಿದ್ದಾರೆ; ಅದನ್ನೂ ವೈದ್ಯರಿಗೆ ಹೇಳಬೇಕು.

ತಾತ್ಕಾಲಿಕ ಅಸಮರ್ಥತೆಯ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ನೌಕರನನ್ನು ಕೆಲಸದಿಂದ ತೆಗೆಯುವುದನ್ನು 1948ರ ಇಎಸ್‌ಐ ಕಾಯ್ದೆ ನಿಷೇಧಿಸಿತ್ತು. ವೈದ್ಯಕೀಯ ಮಂಡಳಿಯ ಶೇಕಡಾವಾರು ಕಡಿಮೆಯಾಯಿತೆನಿಸಿದರೆ ಮೇಲ್ಮನವಿಗೆ ಅವಕಾಶವಿದೆ. ಮುಂದೆ ಹಾನಿ ಹೆಚ್ಚಾದರೆ ಮರುಪರಿಶೀಲನೆ ಕೇಳಬಹುದು. ಅದೇ ಕಾರ್ಖಾನೆಗೆ ಅಥವಾ ಬೇರೆ ಕಡೆ ಕೆಲಸಕ್ಕೆ ಸೇರಿ ಪೂರ್ಣ ಸಂಬಳ ಪಡೆದರೂ ಶಾಶ್ವತ ಅಸಮರ್ಥತೆಯ ಪಿಂಚಣಿ ನಿಲ್ಲುವುದಿಲ್ಲ.